ಅಣಕು ರೋಗಿ

ನೆಲಕ್ಕೆ ಅಂಟಿಸಿದ್ದ ಕೆಂಪು ಬಾಣಗಳನ್ನು ತುಳಿಯಬಾರದೆಂದು ಯಾರೂ ಹೇಳಿರಲಿಲ್ಲ. ಆದರೂ ಡಾಕ್ಟರ್ ಶಿವಪ್ರಕಾಶ ಅವುಗಳ ಪಕ್ಕಪಕ್ಕಕ್ಕೇ ಕಾಲಿಡುತ್ತ ತನ್ನದೇ ದವಾಖಾನೆಯೊಳಗೆ ಕಳ್ಳನಂತೆ ನಡೆದು ಬಂದ. ಬಾಣಗಳು ಬಾಗಿಲಿನಿಂದ ಹೊರಟು, ಔಷಧ ಕೊಡುವ ಕಿಟಕಿಯನ್ನು ಬಳಸಿಕೊಂಡು, ಮೊನ್ನೆಮೊನ್ನೆಯ ತನಕ ಮುರಿದ ಕುರ್ಚಿಗಳನ್ನು ತುಂಬಿಟ್ಟಿದ್ದ, ಈಗ 'ಜ್ವರದ ಕೋಣೆ' ಎಂದು ಬೋರ್ಡು ಹಾಕಿಸಿಕೊಂಡ ಕೋಣೆಗೆ ಹೋಗಿ ನಿಲ್ಲುತ್ತಿದ್ದವು. ಮುಂದಿನ ಮಹಾಮಾರಿ ಬಂದಾಗ ಜ್ವರ, ಕೆಮ್ಮು, ದಮ್ಮಿನವರು ಈ ಕೆಂಪು ಬಾಣ ಹಿಡಿದು ಹೋಗಬೇಕು. ಮಂಡಿನೋವು, ಸಕ್ಕರೆ ಕಾಯಿಲೆಯವರಿಗೆ ನೀಲಿ ಬಾಣ. ಈ ಮರಾಠಿ ಶಹರದ ಬಿಬವೇವಾಡಿಯ ಓಣಿಯ ಜನ ಒಬ್ಬರ ಹೆಗಲ ಮೇಲಿಂದ ಒಬ್ಬರು ಕೈಚಾಚಿ ಚೀಟಿ ಮಾಡಿಸುವವರು. ಅಂಥವರು ಉಸಿರು ಸಿಗದ ಹೊತ್ತಿನಲ್ಲಿ ಬಗ್ಗಿ ನೆಲ ನೋಡುತ್ತಾರೆಂದು ಶಿವಾಜಿನಗರದಲ್ಲಿರುವ ಟ್ರಸ್ಟಿನ ಆಫೀಸಿನಲ್ಲಿ ಕೂತ ಯಾವ ಪುಣ್ಯಾತ್ಮನಿಗೆ ಹೊಳೆಯಿತೋ. ಆದರೆ ಬಾಣಗಳನ್ನು ಅಂಟಿಸಿದವನು ತಾನೇ. ನಿನ್ನೆ ಸಂಜೆ ಮೊಣಕಾಲೂರಿ, ಸ್ಕೇಲು ಹಿಡಿದು, ಒಂದು ಸೊಟ್ಟಗಾಯಿತೆಂದು ಕಿತ್ತು ಮತ್ತೆ ಅಂಟಿಸಿ, ನರ್ಸ್ ರಂಜನಾ 'ಬಿಡಿ ಸರ್, ನಾನು ಮಾಡ್ತೀನಿ' ಎಂದರೂ ಬಿಡದೆ. ಇಷ್ಟು ಮುತುವರ್ಜಿಯಿಂದ ಈಚೆಗೆ ಯಾರ ಗಾಯಕ್ಕಾದರೂ ಪಟ್ಟಿ ಕಟ್ಟಿದ್ದು ಅವನಿಗೆ ನೆನಪಿಲ್ಲ. ಬಾಗಿಲಿನ ಮೇಲೆ 'ಇಂದು ತಯಾರಿ ಪರೀಕ್ಷೆ, ರೋಗಿಗಳನ್ನು ನೋಡುವುದಿಲ್ಲ' ಎಂದು ಮರಾಠಿಯಲ್ಲಿ ಬರೆದ ಹಾಳೆ ತೂಗುತ್ತಿತ್ತು. ಕೂಸನ್ನು ಹೆಗಲಿಗೆ ಹಾಕಿಕೊಂಡ ಹೆಂಗಸೊಬ್ಬಳು ಅದನ್ನು ಓದಲಾಗದೆ ಅವನ ಮುಖ ನೋಡಿದಳು. ಅವನು ಕೈಯಲ್ಲೇ 'ಇಲ್ಲ' ಎಂದ. ರೋಗಿಗಳಿಗಾಗಿ ತಯಾರಾಗಲು ರೋಗಿಗಳನ್ನೇ ಹೊರಗೆ ಹಾಕಬೇಕಾಯಿತಲ್ಲ ಎಂದು ನಗು ಬಂತು, ಬಂದದ್ದು ಗಂಟಲಲ್ಲೇ ಹುಳಿಯಾಯಿತು.

ಆ ಹುಳಿ ಇವತ್ತಿನದಲ್ಲ. ಹೋದ ಬೇಸಿಗೆಯಲ್ಲಿ ಇದೇ ದವಾಖಾನೆಯಲ್ಲಿ ಇದೇ ಬಗೆಯ ಪರೀಕ್ಷೆ ನಡೆದಿತ್ತು. ಟ್ರಸ್ಟಿನ ದವಾಖಾನೆಗಳನ್ನೆಲ್ಲ ಮುಂದಿನ ಮಹಾಮಾರಿಗೆ ಅಣಿಗೊಳಿಸುವ ಹೊಣೆ ಹೊತ್ತ ಡಾಕ್ಟರ್ ಸ್ನೇಹಲ್ ನೋಡಲು ಬಂದಿದ್ದಳು. ಒಂದು ಕಾಲಕ್ಕೆ ಅವನ ಕೈಕೆಳಗೆ ಕೆಲಸ ಕಲಿತವಳು. ಬೆನ್ನಿನ ಮೇಲೆ ಎಲ್ಲಿ ಸ್ಟೆತೊಸ್ಕೋಪು ಇಟ್ಟರೆ ಪುಪ್ಪುಸದೊಳಗಿನ ನೀರಿನ ಸದ್ದು ಕೇಳುತ್ತದೆಂದು ಅವಳ ಕೈ ಹಿಡಿದು ತೋರಿಸಿದವನು ಅವನು. ಈಗ ಅವಳು ಮೇಡಂ. ಅಣಕು ರೋಗಿಯಾಗಿ ರಂಜನಾಳ ಮೈದುನ ಮಲಗಿದ್ದ. ಮುಖಕ್ಕೆ ಮಾಸ್ಕ್ ಬಂದದ್ದೇ ತಡ ಅವನಿಗೆ ಕಚಗುಳಿಯಾದಂತೆ ನಗು ಉಕ್ಕಿ, ಎದ್ದು ಕೂತುಬಿಟ್ಟ. ಸ್ನೇಹಲ್ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ನಕ್ಕು, ಕಸ ಗುಡಿಸುವವಳೂ ಸೇರಿ ಎಲ್ಲರ ಎದುರಿಗೆ, 'ಸರ್, ನಿಮ್ಮ ಪೇಷಂಟ್ ನಮಗಿಂತ ಗಟ್ಟಿಯಾಗಿದ್ದಾನೆ. ನೀವೇ ಸೀರಿಯಸ್ ಆಗಿಲ್ಲ, ಅವನು ಹೇಗೆ ಆಗ್ತಾನೆ?' ಎಂದಳು. ಎಲ್ಲರೂ ನಕ್ಕರು. ಶಿವಪ್ರಕಾಶನೂ ನಕ್ಕ. ಎಲ್ಲರಿಗಿಂತ ಜೋರಾಗಿ ನಕ್ಕ. ಇನ್ನೊಂದು ಸಲ ಹೀಗಾದರೆ ಈ ದವಾಖಾನೆಯನ್ನು ಮುಚ್ಚಿ ಬೇರೊಂದಕ್ಕೆ ಸೇರಿಸುವ ವಿಚಾರವಿದೆ ಎಂಬ ಮಾತು ಆಮೇಲೆ ಆಫೀಸಿನಿಂದ ಬಂತು. ನೌಕರಿಯ ಭಯ ಇತ್ತು, ಇಲ್ಲವೆಂದಲ್ಲ. ಆದರೆ ರಾತ್ರಿ ಹಾಸಿಗೆಯಲ್ಲಿ ಹೊರಳುವಾಗ ಅವನನ್ನು ಚುಚ್ಚುತ್ತಿದ್ದುದು ಅದಲ್ಲ, ತನ್ನ ಬಾಯಿಂದ ಹೊರಟ ಆ ನಗುವಿನ ಸದ್ದು. ಈ ಸಲ ಯಾರೂ ನಗದಂಥ ರೋಗಿಯನ್ನು ತರಬೇಕೆಂದು ಅವನು ಅಂದೇ ನಿಶ್ಚಯಿಸಿದ್ದ.

ಹಾಗೆ ಸಿಕ್ಕವನು ಹೊಳಬಸಪ್ಪ. ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಆಯುಷ್ಯವೆಲ್ಲ ಗುಮಾಸ್ತಿಕೆ ಮಾಡಿ ಈಗ ಮನೆಯಲ್ಲಿ ಕೂತ ಮುದುಕ. ಹೃದಯ ದುರ್ಬಲವಾಗಿ ಕಾಲು ಬಾತುಕೊಳ್ಳುತ್ತಿದ್ದುದರಿಂದ ಶಿವಪ್ರಕಾಶನೇ ಬರೆದುಕೊಟ್ಟ ಗುಳಿಗೆಗಳ ಮೇಲೆ ನಡೆಯುತ್ತಿದ್ದ. ಬಿ.ಪಿ. ನೋಡಿಸಿಕೊಳ್ಳುವ ನೆವದಲ್ಲಿ ಬರುವುದು, ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಸವದತ್ತಿ ಕಡೆಯ ತನ್ನೂರ ಸಣ್ಣಾಟದ ಸುದ್ದಿ ಹೇಳುವುದು. ಹರೆಯದಲ್ಲಿ ಹೆಣ್ಣುವೇಷ ಕಟ್ಟುತ್ತಿದ್ದನಂತೆ. ಅವನು ಅತ್ತರೆ ಗರತಿಯರು ಸೆರಗು ಕಣ್ಣಿಗೆ ಒತ್ತುತ್ತಿದ್ದರಂತೆ. ಮರಾಠಿ ಜನಕ್ಕೆ ಅದು ಅರ್ಥವಾಗುತ್ತಿರಲಿಲ್ಲ, ಅವನು ಹೇಳುವುದನ್ನು ಬಿಡುತ್ತಿರಲಿಲ್ಲ. ಶಿವಪ್ರಕಾಶನಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ಏನೋ ಸಡಿಲಾಗುತ್ತಿತ್ತು. ಬೆಳಗಿನಿಂದ ಸಂಜೆಯ ತನಕ ಮರಾಠಿಯಲ್ಲೇ ಕೇಳಿ ಮರಾಠಿಯಲ್ಲೇ ಬೈದು, ಮನೆಗೆ ಹೋದರೆ ಹೆಂಡತಿ ಮಕ್ಕಳೊಂದಿಗೂ ಅದೇ ಆಗಿಹೋಗಿರುವಾಗ, ಕನ್ನಡ ಎಂದರೆ ಈ ಮುದುಕನ ನಾಡಿ ಹಿಡಿದ ಆ ಐದು ನಿಮಿಷ. ಆದರೂ ಬೇರೆಯವರ ಎದುರಿಗೆ ಹೊಳಬಸಪ್ಪ ದೊಡ್ಡ ದನಿಯಲ್ಲಿ 'ಸಾಹೇಬ್ರ, ನಮ್ಮ ಕಡ್ಯಾವ್ರು ನೀವು' ಎಂದಾಗ ಅವನು ಮರಾಠಿಯಲ್ಲೇ ಉತ್ತರಿಸುತ್ತಿದ್ದ.

ಬಾಗಿಲು ಮುಚ್ಚಿಕೊಂಡು ಇಬ್ಬರೂ ಅಭ್ಯಾಸ ಮಾಡಿದ್ದರು. ಹೊಳಬಸಪ್ಪ ಮೊದಲ ದಿನ ಎದೆ ಬಡಿದುಕೊಂಡು, ಕಣ್ಣು ತೇಲಿಸಿ, ಊರಿನ ರಂಗದ ಮೇಲಿದ್ದಂತೆ ನರಳಿದ್ದ.

'ಹಿಂಗ ಸಾಕೇನ್ರಿ ಸಾಹೇಬ್ರ?'

'ಇಷ್ಟ ಜೋರಲ್ಲ ಕಾಕಾ. ದಮ್ಮ ಹತ್ತಿದಾಂವಗ ಒದರಾಕ ಶಕ್ತಿ ಇರಂಗಿಲ್ಲ. ಎಲ್ಲಾ ಒಳಗ ನಡೀತದ.'

'ಒಳಗ ನಡದದ್ದು ಮಂದಿಗೆ ಹೆಂಗ ಕಾಣಬೇಕ್ರಿ? ಆಟಂದ್ರ ಹಿಂದ ಕುಂತಾಂವಗೂ ಕಾಣಬೇಕು.'

'ಇಲ್ಲಿ ಹಿಂದ ಯಾರೂ ಕುಂದ್ರಂಗಿಲ್ರಿ. ಬರಾವ್ರೆಲ್ಲಾ ಡಾಕ್ಟರ್ರು. ಅವರು ಕುತಗಿ ನೋಡ್ತಾರ.' ಹಾಗೆಂದು ಶಿವಪ್ರಕಾಶ ತಾನೇ ಮಂಚದ ಮೇಲೆ ಕೂತು ಮಾಡಿ ತೋರಿಸಿದ. ಉಸಿರೆಳೆದಾಗ ಕುತ್ತಿಗೆಯ ನರ ಹಗ್ಗದಂತೆ ಬಿಗಿಯುವುದು, ಮೂಗಿನ ಹೊಳ್ಳೆ ಅರಳುವುದು, ಮಲಗಲಾರದೆ ಎರಡೂ ಅಂಗೈ ಮಂಚದ ಅಂಚಿಗೆ ಊರಿ ಮುಂದಕ್ಕೆ ಬಾಗುವುದು, ಒಂದು ವಾಕ್ಯ ಪೂರ್ತಿ ಆಡಲಾಗದೆ ನಡುವೆ ನಿಲ್ಲುವುದು. ಹೊಳಬಸಪ್ಪ ತಲೆಯಾಡಿಸುತ್ತ ನೋಡಿದ. 'ಯಾರನ್ನ ನೋಡಿ ಮಾಡಾಕತ್ತೀರಿ ಇದನ್ನ?' ಎಂದು ಕೇಳಿದ. ಆಟಗಾರನ ಕಣ್ಣು, ಹಿಡಿದುಬಿಟ್ಟಿತು. 'ಯಾರನ್ನೂ ಇಲ್ಲ,' ಎಂದ ಶಿವಪ್ರಕಾಶ.

ಅಪ್ಪನನ್ನು ನೋಡಿ. ಹಿಂದಿನ ಮಹಾಮಾರಿಯ ವರ್ಷ ರಸ್ತೆಗಳೆಲ್ಲ ಬಂದಾಗಿ, ಜಿಲ್ಲೆ ದಾಟಲು ಪರವಾನಿಗೆ ಬೇಕಾಗಿದ್ದಾಗ, ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಅಪ್ಪ. ಅಲ್ಲಿನ ಆಯಾ ಒಬ್ಬಳು ಮೈತುಂಬ ಬಿಳಿ ಪ್ಲಾಸ್ಟಿಕ್ ಉಟ್ಟು, ಫೋನನ್ನು ಅಪ್ಪನ ಮುಖದೆದುರು ಹಿಡಿದಿದ್ದಳು. ಚಿತ್ರ ಆಗಾಗ ಛಾವಣಿಗೆ ಹೋಗಿ ಪಂಖೆ ತೋರಿಸಿ ಮತ್ತೆ ಕೆಳಗಿಳಿಯುತ್ತಿತ್ತು. ಅಪ್ಪ ಏನೋ ಹೇಳುತ್ತಿದ್ದ. ಮಾಸ್ಕಿನೊಳಗಿಂದ ಸದ್ದು ಬರುತ್ತಿರಲಿಲ್ಲ. ಮಗನಾದವನು ಮುಖ ನೋಡಬೇಕಿತ್ತು, ತುಟಿ ಏನನ್ನುತ್ತಿದೆ ಎಂದು ಹಿಡಿಯಬೇಕಿತ್ತು. ಅವನು ಕುತ್ತಿಗೆ ನೋಡಿದ. ಎಷ್ಟು ಎಳೆಯುತ್ತಿದೆ, ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕಿದ. ಅಪ್ಪನ ಆ ಕುತ್ತಿಗೆಯನ್ನೇ ಈಗ ತೆಗೆದು ಮುದುಕನಿಗೆ ವೇಷದ ಸಾಮಾನಿನಂತೆ ಕೊಟ್ಟಿದ್ದೇನೆ ಎಂದು ಅವನಿಗೆ ಗೊತ್ತಿತ್ತು. ಹೊಳಬಸಪ್ಪ ಮೂರನೆಯ ಸಲ ಮಾಡುವ ಹೊತ್ತಿಗೆ ಅದನ್ನು ಎಷ್ಟು ಹದವಾಗಿ ಎತ್ತಿಕೊಂಡನೆಂದರೆ, ಶಿವಪ್ರಕಾಶ ಕಿಟಕಿಯ ಹೊರಗೆ ನಿಂತ ತರಕಾರಿ ಗಾಡಿಯ ಕಡೆ ತಿರುಗಬೇಕಾಯಿತು. ತಿರುಗಿಕೊಂಡೇ 'ಶಾಬಾಸ್' ಎಂದ. ನಾಚಿಕೆಯಾಯಿತು. ಸಂತೋಷವೂ ಆಯಿತು, ಅದು ಇನ್ನೂ ನಾಚಿಕೆಯ ವಿಷಯ.

ಈಗ ಮುಂಜಾನೆಯ ಬಿಸಿಲಿನಲ್ಲಿ ಹೊಳಬಸಪ್ಪ ಬೆಂಚಿನ ಮೇಲೆ ಆಗಲೇ ಬಂದು ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ನುಣ್ಣಗೆ ಬೋಳಿಸಿದ ಗದ್ದ. ರೋಗಿಯಾಗಿ ಬರುವವನು ಮದುವೆಗೆ ಹೊರಟವನಂತೆ ಬಂದಿದ್ದಾನಲ್ಲ ಎಂದು ರಂಜನಾ ಬಾಯಿಗೆ ಸೆರಗು ಹಿಡಿದಳು. ಶಿವಪ್ರಕಾಶನ ಕಣ್ಣು ಅವನ ಚಪ್ಪಲಿಯ ಕಡೆಗೆ ಹೋಯಿತು. ಪಟ್ಟಿ ಮಾಂಸದೊಳಗೆ ಇಳಿದಿತ್ತು. ಪಾದ ಹಿಟ್ಟಿನ ಉಂಡೆಯಂತೆ ಬಾತಿತ್ತು.

'ಕಾಲ ಬಾತಾವಲ್ರಿ ಕಾಕಾ. ಗುಳಗಿ ತಗೋತೀರಿಲ್ಲೋ?'

ಹೊಳಬಸಪ್ಪ ಅತ್ತಿತ್ತ ನೋಡಿ, ಗುಟ್ಟು ಹೇಳುವವನಂತೆ ಬಾಗಿದ. 'ಎರಡ ದಿನ ಆತು, ಬಿಟ್ಟೀನ್ರಿ. ಆ ನೀರಿನ ಗುಳಗಿ ತಗೊಂಡ್ರ ಘಳಿಗಿಗೊಮ್ಮೆ ಒಂದಕ್ಕ ಏಳಬೇಕ್ರಿ. ಸಾಹೇಬ್ ಮಂದಿ ಕುಂತಾಗ ನಡಬರಕ ಎದ್ದು ಹೋದ್ರ ಆಟದ ಮರ್ಯಾದಿ ಏನ ಉಳೀತು? ಮತ್ತ ಮಾರಿ ಒಂಚೂರ ಬಾತಂಗ ಕಂಡ್ರ ಚಲೋನ ಅಲ್ರಿ?'

ಆ ಕ್ಷಣ ಏನು ಹೇಳಬೇಕಿತ್ತು ಎನ್ನುವುದು ವೈದ್ಯಕೀಯ ಓದುವ ಮೊದಲ ವರ್ಷದ ಹುಡುಗನಿಗೂ ಗೊತ್ತಿರುತ್ತದೆ. ಒಳಗೆ ಕರೆದು, ಎದೆಗೆ ಸ್ಟೆತೊಸ್ಕೋಪು ಇಟ್ಟು, ಇಂಜೆಕ್ಷನ್ ಕೊಟ್ಟು, ಮನೆಗೆ ಕಳಿಸಬೇಕಿತ್ತು. ಅವನು ಬಾಯಿ ತೆರೆದ. ಹೊರಗೆ ಕಾರು ನಿಂತ ಸದ್ದಾಯಿತು. ರಂಜನಾ ಓಡಿ ಬಂದು 'ಮೇಡಂ ಬಂದ್ರು' ಎಂದಳು. 'ಮುಗದ ಕೂಡ್ಲೇ ತಗೊಳ್ರಿ ಮತ್ತ, ಮರೀಬ್ಯಾಡ್ರಿ,' ಎಂದು ಹೇಳಿ ಶಿವಪ್ರಕಾಶ ಬಾಗಿಲ ಕಡೆಗೆ ನಡೆದ, ಈ ಸಲ ಬಾಣಗಳನ್ನು ತುಳಿದುಕೊಂಡೇ. ಅರ್ಧ ತಾಸಿನ ಮಾತು, ಅಷ್ಟರಲ್ಲಿ ಏನು ಆಗುತ್ತದೆ ಎಂದುಕೊಂಡ.

ಸ್ನೇಹಲ್ ಜೊತೆ ಆಫೀಸಿನ ಇಬ್ಬರಿದ್ದರು. ಒಬ್ಬ ಫೋನು ಎತ್ತಿ ಹಿಡಿದು ಚಿತ್ರ ತೆಗೆಯುವವನು, ಇನ್ನೊಬ್ಬ ಗಡಿಯಾರ ನೋಡುವವನು. ನಮಸ್ಕಾರ, ಚಹಾ ಬೇಡ, ಶುರುಮಾಡೋಣ. ಹೊಳಬಸಪ್ಪ ಬಾಗಿಲಿನಿಂದ ಗೋಡೆ ಹಿಡಿದುಕೊಂಡು ಒಳಗೆ ಬಂದ. ಕೆಂಪು ಬಾಣ ನೋಡಿ, ನಿಂತು, ಉಸಿರೆಳೆದು, ಮತ್ತೆ ಒಂದು ಹೆಜ್ಜೆ. ಸ್ನೇಹಲ್‌ಳ ಮುಖದಲ್ಲಿದ್ದ ಆ ಸಣ್ಣ ನಗೆ, ಆರು ತಿಂಗಳಿಂದ ಶಿವಪ್ರಕಾಶನ ಬೆನ್ನು ಹತ್ತಿದ್ದ ನಗೆ, ಅಲ್ಲೇ ಅಳಿಸಿಹೋಯಿತು. ಮೈತುಂಬ ಕಿಟ್ ಹಾಕಿಕೊಂಡ ರಂಜನಾ ಮುದುಕನನ್ನು ಮಂಚಕ್ಕೆ ಕೂರಿಸಿ, ಮರಾಠಿಯಲ್ಲಿ ಏನಾಗುತ್ತಿದೆ ಎಂದು ಕೇಳಿದಳು. ಅವನೂ ಕಲಿಸಿದಂತೆ ಮರಾಠಿಯಲ್ಲೇ, ತುಂಡುತುಂಡಾಗಿ, ನಾಲ್ಕು ದಿನದಿಂದ ಜ್ವರ ಎಂದ. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ರಂಜನಾ ಅದನ್ನು ನೋಡದೆಯೇ 'ಎಂಬತ್ತೆರಡು' ಎಂದಳು. ನೋಡುವ ಅಗತ್ಯ ಇರಲಿಲ್ಲ. ಎಂಬತ್ತೆರಡು ಎನ್ನಬೇಕೆಂದು ಬರೆದುಕೊಟ್ಟದ್ದು ಶಿವಪ್ರಕಾಶ. ಅಭ್ಯಾಸದಲ್ಲಿ ಪ್ರತಿ ಸಲ ಅದು ತೊಂಬತ್ತಾರೋ ಏಳೋ ತೋರಿಸುತ್ತಿತ್ತು, ಇವರು ಎಂಬತ್ತೆರಡು ಎಂದು ನಗುತ್ತಿದ್ದರು. ಈಗ ಅವನು ನಿಂತಲ್ಲಿಂದ ಅಂಕಿ ಕಂಡಿತು. ಎಂಬತ್ತೆರಡಕ್ಕಿಂತ ಕೆಳಗೆ ಇತ್ತು. ಅಗ್ಗದ ಸಾಮಾನು, ಮುದುಕರ ಕೈ ತಣ್ಣಗಿದ್ದರೆ ತಪ್ಪು ತೋರಿಸುತ್ತದೆ ಎಂದು ಅವನ ತಲೆ ಕೂಡಲೇ ಹೇಳಿತು. ಹೌದು, ಹಾಗೆ ಆಗುತ್ತದೆ. ಎಷ್ಟೋ ಸಲ ಆಗಿದೆ.

ಮಾಸ್ಕ್ ಬಂತು. ಮಾಸ್ಕಿನ ನಳಿಗೆ ಮೂಲೆಯ ಆಕ್ಸಿಜನ್ ಮಶೀನಿಗೆ ಸೇರಿತ್ತು, ಮಶೀನು ಮಾತ್ರ ಬಂದಾಗಿತ್ತು. ಹಿಂದೊಮ್ಮೆ ಚಾಲೂ ಮಾಡಿ ನೋಡಿದ್ದಕ್ಕೆ ಫ್ಯೂಜು ಹಾರಿ ಇಡೀ ದವಾಖಾನೆ ಕತ್ತಲಾಗಿತ್ತು. ಅದಕ್ಕೇ ಈ ಸಲ ಚಾಲೂ ಇದೆ ಎಂದುಕೊಳ್ಳುವುದು ಎಂದು ಅವನೇ ಹೇಳಿದ್ದ. ಮೇಲೆ ಹೊದಿಸಿದ ಪ್ಲಾಸ್ಟಿಕ್ ಕೂಡ ಹಾಗೇ ಇತ್ತು, ಹೊಸದಾಗಿ ಕಾಣಲಿ ಎಂದು. ಸ್ನೇಹಲ್ ಕೇಳಿದಳು, 'ಸರ್, ಇಂಥವರು ಇನ್ನೂ ಹತ್ತು ಮಂದಿ ಒಮ್ಮೆಗೇ ಬಂದರೆ?' ಶಿವಪ್ರಕಾಶ ಉತ್ತರಿಸತೊಡಗಿದ. ಎಷ್ಟು ದಿನದಿಂದ ಮನಸ್ಸಿನಲ್ಲೇ ತಿದ್ದಿಟ್ಟ ಉತ್ತರ: ಯಾರನ್ನು ಇಲ್ಲೇ ಇಟ್ಟುಕೊಳ್ಳುವುದು, ಯಾರನ್ನು ಕಳಿಸುವುದು, ಬೆಂಚುಗಳನ್ನು ಅಂಗಳಕ್ಕೆ ಹಾಕುವುದು, ಓಣಿಯಲ್ಲಿ ಒಂಟಿಯಾಗಿರುವ ಮುದುಕರ ಮನೆಗೆ ಯಾರು ಹೋಗುವುದು. ಅವನಿಗೇ ಅಚ್ಚರಿಯಾಗುವಂತೆ ಮಾತು ಸಲೀಸಾಗಿ ಬಂತು. ಬರೀ ತೋರಿಕೆಯದೂ ಅಲ್ಲ, ಅದರಲ್ಲಿ ನಿಜವೂ ಇತ್ತು. ಆ ವರ್ಷ ಗೇಟಿನ ಹೊರಗೆ ಕೈಚಾಚಿ ನಿಂತ ಮಂದಿಯನ್ನು ನೆನೆದು ನೆನೆದೇ ಮಾಡಿದ ವಿಚಾರ ಅದು. ಸ್ನೇಹಲ್ ತಲೆ ತುಸು ಬಾಗಿಸಿ ಕೇಳುತ್ತಿದ್ದಳು, ಹಿಂದೆ ಅವನ ಕೈಕೆಳಗೆ ಕಲಿಯುವಾಗ ಕೇಳುತ್ತಿದ್ದಳಲ್ಲ, ಹಾಗೆ. ಅವನ ಕಿವಿ ಬೆಚ್ಚಗಾಯಿತು. ಇದು ಇನ್ನೂ ಸ್ವಲ್ಪ ಹೊತ್ತು ಹೀಗೇ ನಡೆಯಲಿ ಎನಿಸಿತು.

ಆಗ ಕೋಟಿನ ತುದಿಯನ್ನು ಯಾರೋ ಹಿಡಿದು ಜಗ್ಗಿದರು. ಹೊಳಬಸಪ್ಪ. ಮಾಸ್ಕನ್ನು ಒಂದು ಕೈಯಿಂದ ಸರಿಸಿ, 'ಸಾಹೇಬ್ರ... ಸಾಕ ಮಾಡ್ರಿ,' ಎಂದ.

ಕನ್ನಡದಲ್ಲಿ. ಮೇಡಂ ಎದುರಿಗೆ ಒಂದು ಕನ್ನಡ ಶಬ್ದವೂ ಬರಬಾರದೆಂದು ತಾಕೀತು ಮಾಡಿದ್ದ, ಅಭ್ಯಾಸದಲ್ಲಿ ಮುದುಕ ಒಮ್ಮೆಯೂ ತಪ್ಪಿರಲಿಲ್ಲ. ವೇಷ ಕಟ್ಟಿದವನು ಮಾತು ತಪ್ಪುವುದೆಂದರೇನು. ಶಿವಪ್ರಕಾಶನ ಮಾತು ಅರ್ಧಕ್ಕೆ ನಿಂತಿತು. 'ಏನಂತಾರೆ ಸರ್?' ಎಂದು ಸ್ನೇಹಲ್ ಕೇಳಿದಳು. ಆ ಕೋಣೆಯಲ್ಲಿ ಮುದುಕನ ಮಾತು ತಿಳಿಯುವವನು ಅವನೊಬ್ಬನೇ. 'ಹೆದರಿಕೆ ಆಗ್ತಿದೆ ಅಂತಾರೆ,' ಎಂದ ಮರಾಠಿಯಲ್ಲಿ. 'ಮನೆಯವರಿಗೆ ತಿಳಿಸಿ ಅಂತಾರೆ.'

'ಮೈ ಜುಮ್ಮೆನ್ನುತ್ತೆ,' ಎಂದಳು ಸ್ನೇಹಲ್. 'ಎಲ್ಲಿಂದ ಹಿಡಿದು ತಂದಿರಿ ಸರ್ ಇವರನ್ನ? ಕುತ್ತಿಗೆ ನೋಡಿ, ಕುತ್ತಿಗೆ.' ಫೋನು ಹಿಡಿದವನು ಬಾಗಿ ಕುತ್ತಿಗೆಯ ಚಿತ್ರ ತೆಗೆದ.

ತಾನು ಕಲಿಸಿದ್ದನ್ನೇ ಮಾಡುತ್ತಿದ್ದಾನೆ ಎಂದು ಶಿವಪ್ರಕಾಶ ಅಂದುಕೊಂಡ. ಕುತ್ತಿಗೆ, ಮೂಗಿನ ಹೊಳ್ಳೆ, ಅಂಗೈ ಊರಿದ್ದು, ಎಲ್ಲ ತಾನು ಕೊಟ್ಟದ್ದು. ನಿಜವಾಗಿ ದಮ್ಮು ಹತ್ತಿದವನು ಬೇರೆ ಏನು ಮಾಡುತ್ತಾನೆ? ಇದನ್ನೇ ಮಾಡುತ್ತಾನೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ? ಈ ವಾದ ತಲೆಯಲ್ಲಿ ಬಹಳ ಜಾಣತನದಿಂದ ನಡೆಯುತ್ತಿರುವಾಗ ಅವನ ಕಣ್ಣು ತನ್ನಷ್ಟಕ್ಕೆ ತಾನು ಕಲಿಸದೇ ಇದ್ದುದನ್ನು ಹೆಕ್ಕುತ್ತಿತ್ತು. ಹಣೆಯ ಮೇಲೆ ಬೆವರು. ಉಗುರಿನ ಬುಡದ ಬಣ್ಣ. ಇಸ್ತ್ರಿ ಅಂಗಿ ಬೆನ್ನಿಗೆ ಅಂಟಿದ್ದು. ಬೆವರನ್ನು ಯಾರೂ ನಟಿಸಲಾರರು. ಹೊಳಬಸಪ್ಪ ಮತ್ತೆ ಕೋಟು ಜಗ್ಗಿದ, ಈ ಸಲ ಜೋರಿಲ್ಲ.

'ಖರೇನ... ಖರೇನ ದಮ್ಮ ಹತ್ತೇದ್ರಿ.'

ಅವನ ಕಣ್ಣು ಶಿವಪ್ರಕಾಶನ ಕಣ್ಣಿನಲ್ಲಿ ಇತ್ತು. ಅದರಲ್ಲಿ ಆಟಗಾರನಿರಲಿಲ್ಲ. ಬೆಲ್ಲದ ಅಡತಿಯ ಗುಮಾಸ್ತನೂ ಇರಲಿಲ್ಲ. ತನ್ನ ಮಾತು ಬಲ್ಲ ಒಬ್ಬನನ್ನು ಹಿಡಿದುಕೊಂಡ ಒಬ್ಬ ಇದ್ದ.

'ಈಗೇನಂದ್ರು?'

'ನೀರು ಕೇಳ್ತಾರೆ,' ಎಂದ ಶಿವಪ್ರಕಾಶ.

ಯಾಕೆ ಹಾಗೆಂದ? ಆಮೇಲೆ ಎಷ್ಟು ಸಲ ಕೇಳಿಕೊಂಡರೂ ಒಂದೇ ಉತ್ತರ ಸಿಗಲಿದೆ ಎಂದು ಅವನಿಗೆ ಆಗಲೇ, ಹೇಳುವಾಗಲೇ, ಗೊತ್ತಿತ್ತು. ಸ್ನೇಹಲ್‌ಳ ಪ್ರಶ್ನೆಗೆ ಅವನ ಉತ್ತರ ಇನ್ನೂ ಮುಗಿದಿರಲಿಲ್ಲ. ಮನೆಮನೆಗೆ ಹೋಗುವ ಹೆಂಗಸರ ವಿಷಯ ಒಂದು ಬಾಕಿ ಇತ್ತು, ಅದೇ ಎಲ್ಲಕ್ಕಿಂತ ಒಳ್ಳೆಯ ಭಾಗ. ಈಗ ಕೈ ಎತ್ತಿ 'ನಿಲ್ಲಿ, ಇದು ನಿಜ' ಎಂದರೆ ಕೋಣೆ ಗೊಂದಲವಾಗುತ್ತದೆ, ಮಶೀನಿನ ಪ್ಲಾಸ್ಟಿಕ್ ಹರಿಯಬೇಕು, ಫ್ಯೂಜು ಹಾರುತ್ತದೆ, ಮತ್ತೆ ಆ ನಗೆ. ಒಂದು ವೇಳೆ ಅದು ನಿಜವಲ್ಲದಿದ್ದರೆ? ತಾನೇ ಕಲಿಸಿದ ವೇಷಕ್ಕೆ ತಾನೇ ಬೆಚ್ಚಿಬಿದ್ದ ಡಾಕ್ಟರು! ಮಶೀನಿನ ಗುಂಡಿ ಅವನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು. ಅವನು ಮನೆಮನೆಗೆ ಹೋಗುವ ಹೆಂಗಸರ ಬಗ್ಗೆ ಹೇಳಿ ಮುಗಿಸಿದ. ದನಿ ಎಲ್ಲೂ ನಡುಗಲಿಲ್ಲ. ಸ್ನೇಹಲ್ 'ಇದನ್ನ ಎಲ್ಲ ದವಾಖಾನೆಗಳಿಗೂ ಹೇಳಬೇಕು' ಎಂದಳು. ಅವಳ ಹಿಂದೆ ಹೊಳಬಸಪ್ಪ ಕೈ ಸಡಿಲಿಸಿ ಮೆಲ್ಲಗೆ ಒಂದು ಕಡೆಗೆ ವಾಲುತ್ತಿದ್ದ. ಮುಖದ ಮೇಲಿನ ಮಾಸ್ಕಿನಲ್ಲಿ ಗಾಳಿ ಇರಲಿಲ್ಲ.

ಮುಂದಿನ ಭಾಗ ರೋಗಿಯನ್ನು ಅಂಬುಲನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವುದು. ಸ್ಟ್ರೆಚರು ಬಾಗಿಲು ದಾಟಿದ ಕೂಡಲೇ ಗಡಿಯಾರದವನು ಗುಂಡಿ ಒತ್ತಿ ತಲೆಯಾಡಿಸಿದ. ಸ್ನೇಹಲ್ ಇನ್ನೊಂದು ದವಾಖಾನೆಗೆ ಹೋಗಬೇಕಿತ್ತು. ಶಿವಪ್ರಕಾಶನ ಕೈ ಕುಲುಕಿ ಕಾರು ಹತ್ತಿದಳು. ಕಾರು ತಿರುಗಿತೋ ಇಲ್ಲವೋ, ಕಟ್ಟು ಬಿಚ್ಚಿದಂತಾಗಿ ಅವನು ಅಂಬುಲನ್ಸಿಗೆ ಹಾರಿದ. ಒಳಗೆ ರಂಜನಾ ಕೈಗವಸು ತೆಗೆದು ಮುದುಕನ ಅಂಗೈ ಹಿಡಿದು ಕೂತಿದ್ದಳು. 'ಸರ್, ಕೈ ತಣ್ಣಗಿದೆ. ಇವರು ಆಗಿನಿಂದ ಕಣ್ಣೇ ತೆರೀತಿಲ್ಲ ಸರ್,' ಎಂದಳು. ಅವನು ಗಾಡಿಯ ಸಿಲಿಂಡರು ತಿರುವಿದ, ಗಾಳಿ ಬಂತು. ಎಳೆದುಕೊಳ್ಳುವವನು ಇರಲಿಲ್ಲ. ಎದೆಯ ಮೇಲೆ ಎರಡೂ ಕೈ ಇಟ್ಟು ಒತ್ತತೊಡಗಿದ. ಡ್ರೈವರ್ ಬಾಳು ಅಣಕು ಪ್ರಯಾಣಕ್ಕೆ ತಕ್ಕಂತೆ ಸೈರನ್ ಹಾಕದೆ, ಬಸ್ಸುಗಳ ಹಿಂದೆ ಸಾಲಾಗಿ, ಸಿಗ್ನಲ್ ಬಂದಲ್ಲಿ ನಿಂತು ನಿಂತು ಗಾಡಿ ಓಡಿಸುತ್ತಿದ್ದ. ಶಿವಪ್ರಕಾಶ 'ಓಡಿಸೋ!' ಎಂದು ಕೂಗಿದ. ಬಾಳು ಕನ್ನಡಿಯಲ್ಲಿ ನೋಡಿ ನಕ್ಕ. 'ಸಾಕು ಸರ್, ಮೇಡಂ ಹೋದ್ರು.' ಸ್ವಾರಗೇಟಿನ ಚೌಕದಲ್ಲಿ ಕೆಂಪು ದೀಪ ಬಿದ್ದಿತ್ತು. ಅವನು ಮತ್ತೆ ಕೂಗಿದ, ಈ ಸಲ ಯಾವ ಭಾಷೆಯಲ್ಲಿ ಕೂಗಿದನೋ ಅವನಿಗೇ ತಿಳಿಯಲಿಲ್ಲ; ಅದು ಕನ್ನಡವಿರಬೇಕು, ಯಾಕೆಂದರೆ ಬಾಳುವಿನ ನಗು ಹೋಗಿ ಮುಖ ಪೆಚ್ಚಾಯಿತು. ಸೈರನ್ ಹತ್ತಿತು. ಬಸ್ಸುಗಳು ಸರಿಯಲಿಲ್ಲ, ಸರಿಯಲು ಜಾಗ ಇರಲಿಲ್ಲ. ಒತ್ತುತ್ತ ಒತ್ತುತ್ತ ಅವನ ಕೈಯಡಿ ಮುದುಕನ ಪಕ್ಕೆಲುಬು ಮುರಿದ ಸದ್ದು ಕೇಳಿತು.

ದೊಡ್ಡ ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಜೊತೆ ಓಡುತ್ತಲೇ ಒತ್ತಿದ. ಒಳಗೆ ಚಿಕ್ಕ ವಯಸ್ಸಿನ ಡಾಕ್ಟರೊಬ್ಬಳು ಅವನ ಕೈಯನ್ನು ಹಿಡಿದು, ಮೆತ್ತಗೆ, ಎದೆಯ ಮೇಲಿಂದ ಎತ್ತಿದ ಮೇಲೆಯೇ ನಿಲ್ಲಿಸಿದ. ಪರದೆ ಎಳೆದರು. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಸ್ನೇಹಲ್. 'ಸರ್, ಅಭಿನಂದನೆ. ನಿಮ್ಮ ದವಾಖಾನೆ ಬಗ್ಗೆ ಇನ್ನು ಯಾರೂ ಮಾತಾಡೋ ಹಾಗಿಲ್ಲ, ನಾನು ಆಫೀಸಿಗೆ ಹೇಳಿಬಿಟ್ಟೆ. ಮುಂದಿನ ತಿಂಗಳು ಕಾರ್ಯಕ್ರಮ ಇದೆ, ಆ ಅಜ್ಜನಿಗೊಂದು ಶಾಲು ಹೊದಿಸೋಣ.' ಅವಳ ದನಿಯಲ್ಲಿ ನಿಜವಾದ ಪ್ರೀತಿ ಇತ್ತು. 'ಆಯ್ತು ಮೇಡಂ,' ಎಂದ. ಇಟ್ಟ ಮೇಲೆ, ತಾನು ಏನನ್ನು ಆಯ್ತು ಎಂದೆ ಎಂದು ತಿಳಿದು, ಗೋಡೆಗೆ ಕೈ ಊರಿ ನಿಂತ. ಸತ್ತವನ ಮನೆಯವರಿಗೆ ಹೇಳಬೇಕು. ಅದು ರಂಜನಾಳಿಂದ ಆಗದು. ಇಷ್ಟಾದರೂ ತಾನು ಮಾಡಬೇಕು, ಸುತ್ತುಬಳಸದೆ, ಅವರ ಮಾತಿನಲ್ಲೇ ಹೇಳಬೇಕು ಎಂದುಕೊಂಡು ಹೊರಗೆ ಬಂದ.

ಹೊರಗಿನ ಬೆಂಚಿನ ಮೇಲೆ ಹೊಳಬಸಪ್ಪನ ಹೆಂಡತಿ ನಾಗವ್ವ ಕೂತಿದ್ದಳು. ಇಷ್ಟು ಬೇಗ ಇವಳಿಗೆ ಯಾರು ತಿಳಿಸಿದರು? ಹಸಿರು ಇಳಕಲ್ಲ ಸೀರೆ, ಮಡಿಲಲ್ಲಿ ಬಟ್ಟೆಯ ಗಂಟು. ಅವನನ್ನು ಕಂಡು ಎದ್ದು ನಿಂತು ನಕ್ಕಳು.

'ಬಂದ್ರ್ಯಾ ಸಾಹೇಬ್ರ. ನಾ ರಿಕ್ಷಾ ಮಾಡ್ಕೊಂಡ ನಿಮಗಿಂತ ಮೊದಲ ಬಂದ ಕುಂತೀನಿ. ಅಂಬುಲನ್ಸದಾಗ ಇಲ್ಲೀಮಟ ಕರಕೊಂಡ ಬರ್ತಾರ, ಅಲ್ಲೇ ಬುತ್ತಿ ತಗೊಂಡ ಬಾ, ಆಟ ಮುಗಿಸಿ ಇಬ್ರೂ ಕೂಡಿ ಉಣ್ಣೂಣು ಅಂತ ಮುಂಜಾನೇನ ಹೇಳಿ ಹೋಗಿದ್ರು.'

'ಕಾಕೂ,' ಎಂದ ಶಿವಪ್ರಕಾಶ.

'ಗಾಡಿಯಿಂದ ಇಳಸೂದು ನೋಡಿದ್ನಿ ನಾ. ಕರದೆ ಸುದ್ದಾ. ಕಣ್ಣ ತಗೀಲಿಲ್ಲ ನೋಡ್ರಿ! ಮದಲಿಂದಲೂ ಹಂಗ. ಬಣ್ಣ ಹಚ್ಚಿದ್ರಂದ್ರ ನಾ ಯಾರೋ ಅವರು ಯಾರೋ.' ಅವಳು ದನಿ ತಗ್ಗಿಸಿದಳು. 'ನೀವೇನ ಕಡಿಮಿ ಇಲ್ ಬಿಡ್ರಿ. ಎದಿ ಮ್ಯಾಲ ಕೈಯಿಟ್ಟ ಒತ್ತಗೋತ ಓಡಿ ಬಂದ್ರಲ್ಲಾ, ನನಗ ಒಂದ ಘಳಿಗಿ ಎದಿ ಧಸಕ್ಕಂತು.'

ಹೇಳಬೇಕಾದ ಮಾತು ಬಾಯಲ್ಲೇ ಇತ್ತು, ಚಿಕ್ಕ ಮಾತು, ಮೂರೇ ಶಬ್ದ.

'ಹೆಂಗ ಮಾಡಿದ್ರು ಅವರು? ಚಲೋ ಮಾಡಿದ್ರಿಲ್ಲೋ? ರಾತ್ರಿಯೆಲ್ಲಾ ನಿದ್ದಿ ಮಾಡಿಲ್ರಿ, ಸಾಹೇಬ್ರ ಮರ್ಯಾದಿ ನನ್ನ ಕೈಯಾಗ ಅದ ಅನಕೋತ.'

'ಭಾಳ ಚಲೋ ಮಾಡಿದ್ರು,' ಎಂದ ಶಿವಪ್ರಕಾಶ. ಅದು ಅವನ ಬಾಯಿಂದಲೇ ಬಂತು.

'ನೋಡಾಕ ಬಂದಿದ್ದ ದೊಡ್ಡ ಮಂದಿ ಏನಂದ್ರು?'

'ಖರೇ ಅನಿಸ್ತು ಅಂದ್ರು.'

ನಾಗವ್ವನ ಮುಖ ಅರಳಿತು. ಸೆರಗು ಸರಿಮಾಡಿಕೊಂಡು, ಬಟ್ಟೆಯ ಗಂಟು ಬಿಚ್ಚಿ, ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಇಟ್ಟು ಬಿಸಿ ಇದೆಯೋ ನೋಡಿದಳು.

'ಹಂಗಾರ ಇನ್ನ ಎಬ್ಬಸ್ರಿ ಅವರನ್ನ,' ಎಂದಳು. 'ರೊಟ್ಟಿ ಬಿರಸ ಆಗಾಕತ್ತಾವು.'